ಹಾಡಿಗಿಂತ ಮೊದಲು ಹಾಡುವವರು: ಹೊಸದಾಗಿ ಗಾಯನ ಮಂಡಳಿ ನಡೆಸುವವರಿಗೆ

ಚರ್ಚಿನ ಸಭಾಪಾಲಕರು ನಿಮ್ಮನ್ನು ಕರೆದು, "ಇನ್ನು ಮಂಡಳಿ ನೀವೇ ನೋಡ್ಕೊಳ್ರಿ" ಎಂದಿದ್ದಾರೆ ಅಂದುಕೊಳ್ಳಿ. ಕೈಗೆ ಹಾಡಿನ ಪುಸ್ತಕ, ಹಾರ್ಮೋನಿಯಂ ಪೆಟ್ಟಿಗೆಯ ಕೀಲಿ, ಹದಿನಾಲ್ಕು ಜನರ ಫೋನ್ ನಂಬರ್ ಬಂದಿವೆ. ಮೊದಲ ತಿಂಗಳು ಒಂದೂ ಹೊಸ ಹಾಡು ಕಲಿಸಬೇಡಿ. ಹದಿನಾಲ್ಕು ಮನೆಗೂ ಹೋಗಿ ಚಹಾ ಕುಡಿದು ಬನ್ನಿ.

ನಾನು ಬೆಳಗಾವಿಯ ಒಂದು ಕನ್ನಡ ಕ್ರೈಸ್ತ ಸಭೆಯಲ್ಲಿ 22 ವರ್ಷ ಹಾರ್ಮೋನಿಯಂ ನುಡಿಸಿದ್ದೇನೆ. ಅದರಲ್ಲಿ 17 ವರ್ಷ ಮಂಡಳಿ ನಡೆಸಿದ್ದೇನೆ. ಹೊಟ್ಟೆಪಾಡಿಗೆ ಉದ್ಯಮಬಾಗದ ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ. ಮನೆಗೆ ಹೋಗಬೇಕು ಎನ್ನುವುದು ನನಗೆ ತಡವಾಗಿ ತಿಳಿಯಿತು. ನಮ್ಮಲ್ಲಿ ಮುಂದೆ ನಿಂತು ಹಾಡಿಸುವ ಒಬ್ಬ ಅಕ್ಕ ಇದ್ದರು. ಒಂದು ವರ್ಷ ಅವರು ಮೂರು ತಿಂಗಳು ಎಡೆಬಿಡದೆ ಪ್ರತಿ ರವಿವಾರ ಸ್ತುತಿಗೀತೆ ಹಾಡಿಸಿದರು. ಆ ಮೂರು ತಿಂಗಳೂ ಅವರ ಮಗ ಆಸ್ಪತ್ರೆಯಲ್ಲಿದ್ದ. ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಯಾರಿಂದಲೋ ತಿಳಿದು, "ಯಾಕ ಹೇಳ್ಲಿಲ್ಲ ಅಕ್ಕಾ?" ಎಂದೆ. "ನೀವು ಶ್ರುತಿ ಸರಿ ಐತೇನಂತ ಕೇಳ್ತಿದ್ರಿ. ನಾ ಹೆಂಗದೀನಂತ ಕೇಳ್ಲಿಲ್ಲಲ್ರಿ, ಅಣ್ಣಾ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಫೌಂಡ್ರಿಯಲ್ಲಿ ಒಂದು ಮಾತಿದೆ, ಬ್ಲೋಹೋಲ್. ಅಚ್ಚಿನ ಮರಳಿನಲ್ಲಿ ನೀರು ಹೆಚ್ಚಾದರೆ, ಕಾದ ಕಬ್ಬಿಣ ಸುರಿದಾಗ ಆವಿ ಎದ್ದು ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಎರಕ ನುಣುಪಾಗಿರುತ್ತದೆ. ಲೇತ್ ಮೇಲೆ ಹಾಕಿ ಎರಡು ಪದರ ಕೆರೆದಾಗ ತೂತು ಕಾಣುತ್ತದೆ. ಚೆನ್ನಾಗಿ ಹಾಡುವವರ ವಿಷಯದಲ್ಲಿ ನನಗೆ ಇರುವ ಭಯ ಇದೇ. ಅವರ ದನಿ ಕೇಳಿ ನಾವು ಅವರ ಮನಸ್ಸೂ ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಮೂರು ಬಾರಿ ತಡವಾಗಿ ಬಂದ ತಬಲಾ ಹುಡುಗನಿಗೆ ಬೈಯುವ ಮೊದಲು ಅವನ ಮನೆಯ ಬಾಗಿಲು ನೋಡಿ ಬನ್ನಿ.

ಇನ್ನು ತಾಲೀಮು. ನಮ್ಮದು ಶುಕ್ರವಾರ ಸಂಜೆ ಏಳೂವರೆಯಿಂದ ಒಂಬತ್ತು. ಮೊದಲ ಇಪ್ಪತ್ತು ನಿಮಿಷ ಹಾರ್ಮೋನಿಯಂ ಮುಚ್ಚಿರುತ್ತದೆ, ಕೀಬೋರ್ಡಿನ ಸ್ವಿಚ್ ಹಾಕುವುದಿಲ್ಲ. ಫೋನುಗಳು ಒಂದು ಬುಟ್ಟಿಗೆ. ಒಬ್ಬರು ಬೈಬಲಿನ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಓದುತ್ತಾರೆ, ವಾರಕ್ಕೊಬ್ಬರಂತೆ. ಆಮೇಲೆ ಪ್ರತಿಯೊಬ್ಬರೂ ಆ ವಾರ ಹೇಗಿತ್ತು ಎಂದು ಎರಡು ಮಾತು ಹೇಳುತ್ತಾರೆ. "ಚೆನ್ನಾಗಿತ್ತು" ಎಂದಷ್ಟೇ ಹೇಳಿದರೂ ಬಿಡಿ, ಕೆದಕಬೇಡಿ. ನೀವು ಕೊನೆಗೆ ಮಾತಾಡಿ, ಕಡಿಮೆ ಮಾತಾಡಿ. ಸಭಾಪಾಲಕರಂತೆ ಪ್ರಸಂಗ (ಉಪದೇಶ) ಮಾಡಬೇಡಿ, ಬುದ್ಧಿ ಹೇಳಬೇಡಿ. ಇನ್ನೊಂದು, ಬಹಳ ಮುಖ್ಯವಾದದ್ದು: ಅಲ್ಲಿ ಕೇಳಿದ ಮಾತು ಅವರ ಒಪ್ಪಿಗೆ ಇಲ್ಲದೆ ರವಿವಾರದ ಪ್ರಾರ್ಥನಾ ವಿನಂತಿ ಆಗಬಾರದು. ಗುಟ್ಟು ಬಯಲಾಗುವುದು ಹಲವು ಸಲ ಪ್ರಾರ್ಥನೆಯ ಹೆಸರಿನಲ್ಲೇ. ಒಮ್ಮೆ ಹಾಗಾದರೆ ಮತ್ತೆ ಯಾರೂ ಬಾಯಿ ಬಿಡುವುದಿಲ್ಲ.

ಎಲ್ಲಿಂದ ಓದಲು ಶುರು ಮಾಡಬೇಕು ಎಂದು ಕೇಳಿದರೆ ನಾನು 73ನೇ ಕೀರ್ತನೆ ಹೇಳುತ್ತೇನೆ. ಅದು ಆಸಾಫನ ಹೆಸರಿನಲ್ಲಿದೆ. 50ನೆಯದು ಮತ್ತು 73ರಿಂದ 83ರವರೆಗೆ, ಒಟ್ಟು ಹನ್ನೆರಡು ಕೀರ್ತನೆಗಳು ಅವನ ಹೆಸರಿನಲ್ಲಿವೆ. ಅವನು ದಾವೀದ ರಾಜನ ಕಾಲದಲ್ಲಿ ಮಂಜೂಷದ, ಅಂದರೆ ದೇವರ ಒಡಂಬಡಿಕೆಯ ಪೆಟ್ಟಿಗೆಯ, ಮುಂದೆ ಹಾಡುವವರ ಮುಖ್ಯಸ್ಥ. ನಮ್ಮ ನಿಮ್ಮ ಕೆಲಸವನ್ನೇ ಮಾಡುತ್ತಿದ್ದವನು. ಅಂಥವನು ಹೇಳುತ್ತಾನೆ: ನನ್ನ ಕಾಲು ಜಾರುವುದರಲ್ಲಿತ್ತು, ದುಷ್ಟರ ಸಂಪತ್ತು ನೋಡಿ ಹೊಟ್ಟೆಕಿಚ್ಚು ಪಟ್ಟೆ. ಇದನ್ನು ಅವನು ಬಚ್ಚಿಡಲಿಲ್ಲ, ಹಾಡು ಮಾಡಿದ. ನಮ್ಮ ಮಂಡಳಿಯಲ್ಲಿ ಇದನ್ನು ಓದಿದ ದಿನ ಕೀಬೋರ್ಡ್ ನುಡಿಸುವವನು ಬಾಯಿ ಬಿಟ್ಟ. ಮದುವೆ ಆರ್ಕೆಸ್ಟ್ರಾದಲ್ಲಿ ತನ್ನ ಜೊತೆ ಕಲಿತವರು ಕಾರು ಕೊಂಡಿದ್ದಾರೆ, ತಾನು ಇಲ್ಲಿ ಸುಮ್ನೆ ನುಡಿಸುತ್ತಿದ್ದೇನೆ ಅನ್ನಿಸುತ್ತದೆ ಎಂದ. ಅವನಿಗೆ ಯಾರೂ ಉತ್ತರ ಹೇಳಲಿಲ್ಲ. ಎಲ್ಲರೂ ಕೂಡಿ ಪ್ರಾರ್ಥನೆ ಮಾಡಿದೆವು.

ಅದೇ ಮಾತಿಗೆ ಹಣದ ವಿಷಯ. ಸೇವೆಗೆ ಸಂಬಳ ಬೇಕೋ ಬೇಡವೋ ಎನ್ನುವುದನ್ನು ನಿಮ್ಮ ಸಭೆಯ ಹಿರಿಯರು ತೀರ್ಮಾನಿಸಲಿ. ಆದರೆ ಬಸ್ಸಿನ ಖರ್ಚು, ತಬಲಾದ ಪುಡಿ (ಚರ್ಮದ ಹೊದಿಕೆ), ಗಿಟಾರಿನ ತಂತಿ, ಇವು ಆ ಹುಡುಗರ ಕಿಸೆಯಿಂದ ಹೋಗಬಾರದು. ಇದನ್ನು ಹಿರಿಯರ ಸಭೆಯಲ್ಲಿ ನೀವೇ ಕೇಳಬೇಕು. ಅವರು ಕೇಳುವುದಿಲ್ಲ, ನಾಚುತ್ತಾರೆ. ಹೊರಗೆ ನುಡಿಸಲು ಹೋಗುವುದನ್ನು ನಾನು ತಡೆದವನಲ್ಲ. ಶನಿವಾರ ರಾತ್ರಿ ಎಷ್ಟು ಗಂಟೆಗೆ ಮನೆ ಸೇರಿದೆ ಎಂದು ಮಾತ್ರ ಕೇಳುತ್ತೇನೆ.

ಪ್ರಸಂಗದ ಹೊತ್ತಿಗೆ ಹಾಡುವವರು ಎಲ್ಲಿರುತ್ತಾರೆ, ನಿಮ್ಮ ಸಭೆಯಲ್ಲಿ ನೋಡಿ. ಒಬ್ಬರು ಮುಂದಿನ ಹಾಡಿನ ಪುಟ ಹುಡುಕುತ್ತಾರೆ. ಇಬ್ಬರು ಹೊರಗೆ ನಿಂತಿರುತ್ತಾರೆ. ಒಬ್ಬ ಮಿಕ್ಸರ್ ಹತ್ತಿರ. ಹೀಗೆ ವರ್ಷಗಟ್ಟಲೆ ದೇವರ ಮನೆಯಲ್ಲೇ ಇದ್ದು ದೇವರ ವಾಕ್ಯ ಕೇಳದವರಾಗುತ್ತಾರೆ. ನಮ್ಮ ನಿಯಮ ಎರಡು. ಹಾಡು ಮುಗಿದ ಮೇಲೆ ಎಲ್ಲರೂ ಕೆಳಗೆ ಬಂದು ತಮ್ಮ ತಮ್ಮ ಮನೆಯವರ ಜೊತೆ ಕೂರಬೇಕು. ಮತ್ತು ತಿಂಗಳಿಗೆ ಒಂದು ರವಿವಾರ ಪ್ರತಿಯೊಬ್ಬರಿಗೂ ಬಿಡುವು, ಅಂದು ಅವರು ಸಭೆಯವರಂತೆ ಬಂದು ಹೋಗಬೇಕು. ಜನ ಸಾಲುವುದಿಲ್ಲ ಎನ್ನಬೇಡಿ. ಬೈಬಲಿನಲ್ಲಿ ಮೊದಲನೆಯ ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯ ತೆಗೆಯಿರಿ. ದಾವೀದನ ಕಾಲದ ಹಾಡುವವರು 288 ಜನ, ಹನ್ನೆರಡು ಜನರಂತೆ 24 ಸರದಿ. ಸರದಿ ಹಾಕಿದ್ದು ಚೀಟಿ ಎತ್ತಿ, ಗುರುವಿಗೂ ಶಿಷ್ಯನಿಗೂ ಒಂದೇ ಚೀಟಿ. ನಮ್ಮಲ್ಲೂ ಡಿಸೆಂಬರಿನಲ್ಲಿ ಒಂಟಿ ಹಾಡು ಯಾರಿಗೆ ಎನ್ನುವ ಜಗಳ ಬಂದಾಗ ಚೀಟಿ ಎತ್ತಿಸಿದೆ. ಮೂರು ವರ್ಷದಿಂದ ಕ್ರಿಸ್ಮಸ್ಸಿಗೆ ಯಾರೂ ಮುನಿಸಿಕೊಂಡಿಲ್ಲ.

ಪಟ್ಟಿ, ಅಂದರೆ ಹಾಡಿನ ಶ್ರುತಿಗೆ ಹಾರ್ಮೋನಿಯಂನ ಯಾವ ಮನೆ ಎಂದು, ಆರಿಸುವಾಗ ಮುಂದೆ ಹಾಡುವವನ ಗಂಟಲು ನೋಡಬೇಡಿ. ಹಿಂದಿನ ಸಾಲಿನ ಆಯಿಗಳ ಗಂಟಲು ನೋಡಿ. ಅವನಿಗೆ ಕಪ್ಪು ಎರಡು (ಎರಡನೇ ಕಪ್ಪು ಮನೆ) ಹಿತ ಇರಬಹುದು. ಹಾಡು ಮೇಲೇರಿದಾಗ ಹಿಂದಿನ ಸಾಲು ಬಾಯಿ ಮುಚ್ಚಿತೆಂದರೆ ಕಪ್ಪು ಒಂದಕ್ಕೆ ಇಳಿಸಿ. ಅದಕ್ಕೂ ಆಗದಿದ್ದರೆ ಇನ್ನೂ ಇಳಿಸಿ. ಎರಡು ತಿಂಗಳಿಗೊಮ್ಮೆ ಮಂಡಳಿಯನ್ನು ಬೈಲಹೊಂಗಲ, ಗೋಕಾಕ ಕಡೆಯ ಹಳ್ಳಿಯ ಪ್ರಾರ್ಥನಾ ಮನೆಗೆ ಕರೆದುಕೊಂಡು ಹೋಗಿ, ಕೀಬೋರ್ಡ್ ಇಲ್ಲದೆ. ದಮ್ಮಡಿ, ತಾಳ ಸಾಕು. ಅಲ್ಲಿನವರು ಭಜನಿ ಪದದ ಧಾಟಿಯಲ್ಲಿ ಹಾಡುವುದನ್ನು ನಮ್ಮ ಪೇಟೆ ಹುಡುಗರು ಕೇಳಬೇಕು. ನಿಘಂಟಿನ ಕಿಟೆಲ್ ಅವರು 1862ರಲ್ಲೇ ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಬರೆದು ಕಥಾಮಾಲೆ ಎಂದು ಹೆಸರಿಟ್ಟರು. ಜರ್ಮನಿಯಿಂದ ಬಂದವರು ಈ ನೆಲದ ಧಾಟಿ ಕಲಿತರು. ಇಲ್ಲೇ ಹುಟ್ಟಿದ ನಾವು ಅದನ್ನು ಮರೆಯುವುದು ನನಗೆ ಸಹಿಸಲಾಗುವುದಿಲ್ಲ.

ತಪ್ಪು ತಿದ್ದುವುದು ಹೇಗೆ ಎಂದು ನನ್ನ ತಪ್ಪಿನಿಂದಲೇ ಹೇಳುತ್ತೇನೆ. ಹತ್ತು ವರ್ಷದ ಹಿಂದೆ ಈಸ್ಟರ್ ತಾಲೀಮಿನಲ್ಲಿ ಒಬ್ಬ ಹುಡುಗಿ ಬೇಸುರಾದಳು. ಎಲ್ಲರೆದುರು, ಮೈಕ್ ಆನ್ ಇರುವಾಗಲೇ, "ನೀನು ಸುಮ್ಮನಿರು" ಎಂದೆ. ಅವಳು ಮುಂದಿನ ವಾರ ಬರಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ಎರಡು ವರ್ಷ ಕಳೆದ ಮೇಲೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ ಕಾಕಾ" ಎಂದಳು, ಚಹಾ ಕೊಟ್ಟಳು. ಹಾಡಲು ಮಾತ್ರ ಮತ್ತೆ ಬರಲಿಲ್ಲ. ಈಗ ನಾನು ಮೈಕಿನಲ್ಲಿ ಯಾರನ್ನೂ ತಿದ್ದುವುದಿಲ್ಲ. ತಾಲೀಮು ಮುಗಿದು ಮನೆಗೆ ನಡೆಯುವಾಗ ಜೊತೆಗೆ ಹೋಗಿ ಹೇಳುತ್ತೇನೆ. ಮೊದಲು ಸರಿ ಹಾಡಿದ ಸಾಲನ್ನು ಹೇಳುತ್ತೇನೆ, ಆಮೇಲೆ ತಪ್ಪಿದ ಸಾಲನ್ನು.

ನಿಮ್ಮ ಸ್ವಂತ ಪ್ರಾರ್ಥನೆಯ ಬಗ್ಗೆ ಒಂದೇ ಮಾತು. ಸಭೆಗೆ ಎಂದೂ ತರದ ಒಂದು ಹಾಡು ಇಟ್ಟುಕೊಳ್ಳಿ. ನನಗೆ ಏಳಕ್ಕೆ ಶಿಫ್ಟ್. ಐದಕ್ಕೆ ಎದ್ದು ಅಡುಗೆಮನೆಯಲ್ಲಿ ಮೆಲ್ಲಗೆ ಅದನ್ನು ಹಾಡುತ್ತೇನೆ, ಹಾರ್ಮೋನಿಯಂ ಇಲ್ಲದೆ. ಹದಿನೈದು ವರ್ಷವಾಯಿತು, ಅದು ಯಾವ ಹಾಡೆಂದು ಮಂಡಳಿಯಲ್ಲಿ ಯಾರಿಗೂ ಗೊತ್ತಿಲ್ಲ.

ಕೊನೆಯದು, ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ಮೊದಲ ವರ್ಷದಿಂದಲೇ ತಯಾರು ಮಾಡಿ. ಬೈಬಲಿನ ವಿಮೋಚನಕಾಂಡದಲ್ಲಿ ದೇವರು ತನ್ನ ಗುಡಾರ ಕಟ್ಟುವ ಕುಶಲಕರ್ಮಿ ಬೆಚಲೇಲನನ್ನು ತನ್ನ ಆತ್ಮದಿಂದ ತುಂಬಿಸಿದ್ದು ಚಿನ್ನ, ಬೆಳ್ಳಿ, ಕಲ್ಲು, ಮರದ ಕೆಲಸಕ್ಕೆ. ಕೈಕೆಲಸ ಮಾಡುವ ನನಗೆ ಆ ಮಾತು ಬಲು ಇಷ್ಟ. ಜೊತೆಗೆ ಒಹೊಲೀಯಾಬನನ್ನು ಕೊಟ್ಟ. 35ನೇ ಅಧ್ಯಾಯದಲ್ಲಿ ಇಬ್ಬರಿಗೂ ಇನ್ನೊಬ್ಬರಿಗೆ ಕಲಿಸುವ ಮನಸ್ಸನ್ನೂ ಕೊಟ್ಟ. ನಮ್ಮಲ್ಲಿ ಐಟಿಐ ಓದುವ ಹತ್ತೊಂಬತ್ತು ವರ್ಷದ ಹುಡುಗನಿದ್ದಾನೆ. ಮೂರು ವರ್ಷ ನನ್ನ ಪಕ್ಕ ಕೂತು ಕಲಿತ. ಈ ವರ್ಷ ಶುಭ ಶುಕ್ರವಾರ ಪೆಟ್ಟಿಗೆಯ ಕೀಲಿ ಅವನಿಗೆ ಕೊಟ್ಟು, ನಾಲ್ಕನೇ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತೆ. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಿಗೆ ನಡುನಡುವೆ ಹಾಡು ಇರುತ್ತದಲ್ವಾ, ಇಷ್ಟು ವರ್ಷ ನನ್ನ ಗಮನ ಮುಂದಿನ ಹಾಡಿನ ಪಟ್ಟಿಯ ಮೇಲೇ ಇರುತ್ತಿತ್ತು. ಅಂದು ಏಳನ್ನೂ ಪೂರ್ತಿ ಕೇಳಿದೆ.