ಕೊರಿಯಾಕ್ಕೆ ಹೋದಾಗ ಮೂಲೆ ಅಂಗಡಿಯಲ್ಲೇ ಊಟ ಮುಗಿಸುವುದು ಹೇಗೆ?

ಸಿಯೋಲ್‌ನ ಸಾದಾ ಹೋಟೆಲಲ್ಲಿ ಒಂದು ಬಟ್ಟಲು ಕಿಮ್ಚಿ (ಹುಳಿ ಬರಿಸಿದ ಖಾರದ ಎಲೆಕೋಸು) ಸಾರು, ಅನ್ನ ತಿಂದು ಎದ್ದರೂ 8ರಿಂದ 10 ಸಾವಿರ ವಾನ್ ಆಗುತ್ತದೆ. ಸಾವಿರ ವಾನ್ ಅಂದರೆ ನಮ್ಮ 60 ರೂಪಾಯಿ, ಮೇಲೆ ಸ್ವಲ್ಪ. ಮೂರು ಹೊತ್ತೂ ಹೀಗೇ ತಿಂದರೆ ವಿಮಾನದ ಟಿಕೆಟ್ಟಲ್ಲಿ ಉಳಿಸಿದ ದುಡ್ಡೆಲ್ಲ ನಾಲ್ಕೇ ದಿನಕ್ಕೆ ಖಾಲಿ. ಅಲ್ಲಿನ ಕಾಲೇಜು ಹುಡುಗರು ಏನು ಮಾಡುತ್ತಾರೆ ನೋಡಿ, ಸೀದಾ ಪ್ಯೊನಿಜೊಮ್‌ಗೆ ನುಗ್ಗುತ್ತಾರೆ.

ಪ್ಯೊನಿಜೊಮ್ ಅಂದರೆ ಬೀದಿ ಬೀದಿಯಲ್ಲೂ ಇರುವ ಸಣ್ಣ ಅಂಗಡಿ. ಸಿಯು, ಜಿಎಸ್25, ಸೆವೆನ್ ಇಲೆವೆನ್, ಇಮಾರ್ಟ್24 ಅನ್ನೋ ಬೋರ್ಡುಗಳು ಕಾಣುತ್ತವೆ. ದೇಶದಲ್ಲಿ ಇಂಥವು 50 ಸಾವಿರಕ್ಕೂ ಜಾಸ್ತಿ ಇವೆ, ಬಹಳಷ್ಟು ರಾತ್ರಿಯಿಡೀ ತೆರೆದಿರುತ್ತವೆ. ಒಳಗೆ ಬಿಸಿನೀರಿನ ನಲ್ಲಿ, ಮೈಕ್ರೋವೇವ್, ಕಿಟಕಿ ಪಕ್ಕ ಒಂದು ಉದ್ದ ಹಲಗೆ, ನಾಲ್ಕು ಸ್ಟೂಲು. ಬಿಟ್ಟಿ ಅಡುಗೆಮನೆ ಸಿಕ್ಕ ಹಾಗೆ ಅಲ್ವಾ?

ಹೊರಡುವ ಮೊದಲೇ ಒಂದು ಕೆಲಸ ಮಾಡಿಕೊಳ್ಳಿ, ಸಸ್ಯಾಹಾರಿಗಳಂತೂ ತಪ್ಪಿಸಲೇಬೇಡಿ. ದನದ ಮಾಂಸ, ಹಂದಿ ಮಾಂಸ, ಕೋಳಿ, ಸೀಗಡಿ ಈ ನಾಲ್ಕಕ್ಕೂ ಕೊರಿಯನ್ ಪದಗಳನ್ನು ಅನುವಾದದ ಆ್ಯಪಿನಲ್ಲಿ ತೆಗೆದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದನದ ಮಾಂಸಕ್ಕೆ ಸೊಗೋಗಿ, ಸ್ವೆಗೋಗಿ ಅಂತ ಎರಡು ಥರ ಬರೆಯುತ್ತಾರೆ, ಎರಡೂ ಇರಲಿ. ಪೊಟ್ಟಣದ ಹಿಂದೆ ಅಲರ್ಜಿ ಪದಾರ್ಥಗಳ ಒಂದು ಸಾಲು ಇರುತ್ತದೆ, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಮುಂದೆ ಬರೀ ತರಕಾರಿ ಚಿತ್ರ ಇದ್ದರೂ ನಂಬಬೇಡಿ. ರಾಮ್ಯನ್, ಅಂದರೆ ಅಲ್ಲಿನ ಇನ್‌ಸ್ಟಂಟ್ ನೂಡಲ್ಸ್, ಅದರ ಮಸಾಲೆಯಲ್ಲಿ ಬಹುತೇಕ ದನದ ಸಾರವೋ ಮೀನಿನ ಪುಡಿಯೋ ಇರುತ್ತದೆ. ಕಿಮ್ಚಿಯಲ್ಲೂ ಸಾಮಾನ್ಯವಾಗಿ ಉಪ್ಪುಹಾಕಿದ ಸೀಗಡಿ ಇಲ್ಲವೇ ಮೀನಿನ ರಸ ಸೇರಿರುತ್ತದೆ.

ಈಗ ಅಂಗಡಿಯೊಳಕ್ಕೆ. ಮೊದಲು ಬೆಲೆ ಚೀಟಿ ನೋಡಿ. 1+1 ಅಂದರೆ ಒಂದಕ್ಕೆ ಒಂದು ಫ್ರೀ, 2+1 ಅಂದರೆ ಎರಡು ತಗೊಂಡರೆ ಮೂರನೆಯದು ಫ್ರೀ. ಈ ಪಟ್ಟಿ ತಿಂಗಳು ತಿಂಗಳು ಬದಲಾಗುತ್ತದೆ. ಒಬ್ಬರೇ ಇದ್ದರೆ 2+1 ಆಸೆಗೆ ಬೀಳಬೇಡಿ, ಮೂರು ಬಾಟಲಿ ಹೊತ್ತು ತಿರುಗುವವರು ನೀವೇ.

ಮಾಂಸ ಮೀನು ತಿನ್ನುವವರಿಗೆ ಎಲ್ಲಕ್ಕಿಂತ ಅಗ್ಗದ ಊಟ ಸಾಮ್‌ಗಾಕ್ ಕಿಂಬಾಪ್. ಅನ್ನದ ತ್ರಿಕೋನ, ಸುತ್ತ ಕಡಲಪಾಚಿಯ ಹಾಳೆ, ಒಳಗೆ ಟ್ಯೂನಾ ಮೀನೋ ಮತ್ತೊಂದೋ. ಸಾವಿರದ ಮೇಲೆ ಚೂರುಪಾರು ವಾನ್ ಅಷ್ಟೆ. ಇದನ್ನು ಬಿಚ್ಚೋದೇ ಒಂದು ವಿದ್ಯೆ. ಪ್ಲಾಸ್ಟಿಕ್ ಮೇಲೆ 1, 2, 3 ಅಂತ ಅಂಕಿ ಇರುತ್ತವೆ. 1ರ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಎಳೆದು, ಹಿಂದಿನಿಂದ ಸುತ್ತಿಸಿ ಪೂರ್ತಿ ಕಿತ್ತುಬಿಡಿ. ಆಮೇಲೆ 2 ಮತ್ತು 3ರ ಮೂಲೆಗಳನ್ನು ಹಿಡಿದು ಪಕ್ಕಕ್ಕೆ ನಿಧಾನ ಎಳೆಯಿರಿ. ಹಾಳೆ ಮೆತ್ತಗಾಗದಿರಲಿ ಅಂತ ಅನ್ನಕ್ಕೂ ಅದಕ್ಕೂ ನಡುವೆ ಒಂದು ಪೊರೆ ಇಟ್ಟಿರುತ್ತಾರೆ, ಹೀಗೆ ಎಳೆದರೆ ಅದೂ ಜೊತೆಗೇ ಬರುತ್ತದೆ. ನಾನು ಮೊದಲ ದಿನ ಚಾಕೊಲೇಟ್ ಬಿಚ್ಚುವಂತೆ ಬಿಚ್ಚಿದೆ. ಹಾಳೆಯೆಲ್ಲ ಪ್ಲಾಸ್ಟಿಕ್ಕಿಗೆ ಹೋಯಿತು, ಕೈಯಲ್ಲಿ ಉಳಿದದ್ದು ತಣ್ಣಗಿನ ಅನ್ನದ ಉಂಡೆ.

ಹೊಟ್ಟೆ ತುಂಬ ಬೇಕಿದ್ದರೆ ದೊಶಿರಾಕ್ ತಗೊಳ್ಳಿ, ನಮ್ಮ ಊಟದ ಡಬ್ಬಿ ಇದ್ದ ಹಾಗೆ. ಸುಮಾರು 5 ಸಾವಿರ ವಾನ್. ಪೊಟ್ಟಣದ ಮೇಲೆ ಮನೆಯ 700 ವಾಟ್‌ಗೆ ಒಂದು ಸಮಯ, ಅಂಗಡಿಯ 1000 ವಾಟ್‌ಗೆ ಇನ್ನೊಂದು ಸಮಯ ಹಾಕಿರುತ್ತಾರೆ. ಚಿಕ್ಕದನ್ನೇ ಒತ್ತಿ, ಇಲ್ಲದಿದ್ದರೆ ನಾಲಿಗೆ ಸುಡುತ್ತದೆ. ಕಪ್ ರಾಮ್ಯನ್ ಗೊತ್ತಿರುವುದೇ, ಒಳಗಿನ ಗೆರೆಯ ತನಕ ಬಿಸಿನೀರು ಹಾಕಿ ಮೂರು ನಾಲ್ಕು ನಿಮಿಷ ಮುಚ್ಚಿಡಿ.

ಸಸ್ಯಾಹಾರಿಗಳಿಗೆ ನನ್ನ ದಾರಿ ಬೇರೆ. ಊರಿಂದಲೇ ಚಟ್ನಿಪುಡಿ, ಪುಳಿಯೋಗರೆ ಪುಡಿ ಒಯ್ಯಿರಿ. ಅಂಗಡಿಯಲ್ಲಿ ಹೆತ್‌ಬಾನ್ ಕೇಳಿ. ಬೇಯಿಸಿ ಮುಚ್ಚಿಟ್ಟ ಬಿಳಿ ಅನ್ನದ ಬಟ್ಟಲು ಅದು, 210 ಗ್ರಾಂ. ಮುಚ್ಚಳದ ಮೂಲೆಯನ್ನು ಸ್ವಲ್ಪ ಎತ್ತಿ ಎರಡು ನಿಮಿಷದೊಳಗೆ ಬಿಸಿ ಮಾಡಿದರೆ ಹಬೆಯಾಡುವ ಅನ್ನ ರೆಡಿ. ಅಲ್ಲಿನ ಅಕ್ಕಿ ಸ್ವಲ್ಪ ಅಂಟು, ಉದುರುದುರಾಗಿ ಬರಲ್ಲ, ಆದರೂ ಪುಳಿಯೋಗರೆಗೆ ನಡೆಯುತ್ತದೆ. ಮೊಸರನ್ನ ಬೇಕೇ? ಪ್ಲೇನ್ ಅಂತ ಬರೆದ ಮೊಸರೂ ಎಷ್ಟೋ ಸಲ ಸಿಹಿ ಇರುತ್ತದೆ. ಮುಗಾದಾಂಗ್, ಅಂದರೆ ಸಕ್ಕರೆ ಹಾಕದ್ದು, ಅಂತ ಇರುವುದನ್ನೇ ತಗೊಳ್ಳಿ. ಇದು ತಿಳಿಯದೆ ನಾನು ಒಮ್ಮೆ ವೆನಿಲಾ ಮೊಸರನ್ನ ತಿಂದಿದ್ದೇನೆ, ಅದರ ಕಥೆ ಬೇಡ. ಬೇಸರವಾದರೆ ಬಾಳೆಹಣ್ಣು, ಕಡಲೆಕಾಯಿ, ಚಳಿಗಾಲದಲ್ಲಿ ಕೆಲವು ಅಂಗಡಿಗಳ ಕೌಂಟರ್ ಪಕ್ಕ ಸುಟ್ಟ ಗೆಣಸು ಸಿಗುತ್ತವೆ. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಎರಡು ಮೊಟ್ಟೆಗಳ ಪೊಟ್ಟಣ ಇದೆ.

ದುಡ್ಡು ಕೊಡುವಾಗ ಬೊಂಗ್ತು ಅನ್ನುವ ಪದ ಕೇಳಿಸಿದರೆ ಚೀಲ ಬೇಕಾ ಅಂತ ಕೇಳುತ್ತಿದ್ದಾರೆ. ಚೀಲಕ್ಕೆ ಬೇರೆ ಕಾಸು, ತಲೆ ಅಲ್ಲಾಡಿಸಿ ಬೇಡ ಅನ್ನಿ. ತಿನ್ನುವ ಕಡ್ಡಿ (ಚಾಪ್‌ಸ್ಟಿಕ್) ಬೇಕಿದ್ದರೆ "ಜೊತ್ಕಾರಾಕ್ ಜುಸೆಯೊ" ಅಂದರೆ ಸಾಕು.

ತಿಂದ ಮೇಲೆ ಜಾಗ ನೀವೇ ಒರೆಸಬೇಕು. ಉಳಿದ ಸಾರನ್ನು ಕಸದ ಡಬ್ಬಿಗೆ ಸುರಿಯಬೇಡಿ. ಅದಕ್ಕೆ ಬೇರೆ ಪಾತ್ರೆ ಇರುತ್ತದೆ, ಪ್ಲಾಸ್ಟಿಕ್ಕಿಗೆ ಬೇರೆ, ಕಾಗದಕ್ಕೆ ಬೇರೆ. ನಾನು ಸುರಿಯಲು ಹೋದಾಗ ಕೌಂಟರಿನಲ್ಲಿದ್ದ ಅಜ್ಜ ಎರಡೂ ಕೈ ಬೀಸುತ್ತ ಓಡಿಬಂದಿದ್ದರು.

ಬೆಳಿಗ್ಗೆ ಮೊಟ್ಟೆ, ಬಾಳೆಹಣ್ಣು, ಮಧ್ಯಾಹ್ನ ಕಪ್ ರಾಮ್ಯನ್ ಜೊತೆ ಒಂದು ತ್ರಿಕೋನ, ರಾತ್ರಿ ದೊಶಿರಾಕ್ ಅಂತಿಟ್ಟುಕೊಂಡರೆ ದಿನಕ್ಕೆ 12-13 ಸಾವಿರ ವಾನ್, ಅಂದರೆ 800 ರೂಪಾಯಿ ಆಸುಪಾಸು. ಆದರೆ ಸತತ ಮೂರು ದಿನಕ್ಕಿಂತ ಜಾಸ್ತಿ ಹೀಗೆ ತಿನ್ನಬೇಡಿ, ಉಪ್ಪು ವಿಪರೀತ. ನಡುವೆ ಒಂದು ಹೊತ್ತು ಮಾರುಕಟ್ಟೆಗೆ ಹೋಗಿ ಹಣ್ಣು ತಿನ್ನಿ. ವಾಪಸ್ ಬರುವ ದಿನ ಬಸ್ಸು, ಮೆಟ್ರೊಗೆ ಇಟ್ಟುಕೊಂಡ ಟಿ-ಮನಿ ಕಾರ್ಡಿನಲ್ಲಿ ಚಿಲ್ಲರೆ ಉಳಿದಿದ್ದರೆ ಅದೂ ಈ ಅಂಗಡಿಗಳಲ್ಲಿ ನಡೆಯುತ್ತದೆ. ನಾನಂತೂ ಅದರಲ್ಲಿ ಬಾಳೆಹಣ್ಣಿನ ಹಾಲು ಕುಡಿದೆ. 1974ರಿಂದ ಅದೇ ಗುಂಡು ಡಬ್ಬಿಯಲ್ಲಿ ಮಾರುತ್ತಿದ್ದಾರಂತೆ.