ಖಂಡೇನವಮಿಗೆ ಮೊದಲು ಬಂದೂಕಿನ ನಳಿಗೆ ನೋಡಿ

ಬೆಳಗಾವಿ ಜಿಲ್ಲೆಯ ಕಣಕುಂಬಿ, ಜಾಂಬೋಟಿ ಕಡೆ ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದೆ. ಬೆಳೆ ಕಾಯಲು ಲೈಸೆನ್ಸ್ ಪಡೆದ 12 ಬೋರ್ ಜೋಡುನಳಿಗೆ ಬಂದೂಕು ಆ ನಾಲ್ಕು ತಿಂಗಳು ಮೂಲೆಯಲ್ಲಿ ಬಿದ್ದಿರುತ್ತದೆ. ಖಂಡೇನವಮಿಗೆ ಹೊರಗೆ ತೆಗೆದರೆ ಮೈತುಂಬ ಕಂದು ಚುಕ್ಕಿ. ಕೊಬ್ಬರಿ ಎಣ್ಣೆ ಸವರಿ, ಕುಂಕುಮ ಹಚ್ಚಿ, ಮತ್ತೆ ಮೂಲೆಗೆ. ಇದನ್ನು ನೋಡಿ ನೋಡಿ ಸಾಕಾಗಿದೆ.

ಮೊದಲು ಬಂದೂಕು ಮಡಚಿ. ಎರಡೂ ನಳಿಗೆ ಖಾಲಿ ಇವೆಯೇ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ತೋಟೆಗಳು ಬೇರೆ ಕೋಣೆಯಲ್ಲಿರಲಿ, ಮಕ್ಕಳೂ ಅಷ್ಟೇ. ನಳಿಗೆಯ ಕೆಳಗೆ ಮುಂದಿನ ಕೈ ಹಿಡಿಯುವ ಕಟ್ಟಿಗೆ ಬಿಚ್ಚಿದರೆ ನಳಿಗೆ ಕೈಗೆ ಬರುತ್ತದೆ.

ನಳಿಗೆ ಒರೆಸುವ ಕಡ್ಡಿ ಯಾವಾಗಲೂ ತೋಟೆ ಹಾಕುವ ಕಡೆಯಿಂದಲೇ ಹೋಗಬೇಕು. ಬಾಯಿಯ, ಅಂದರೆ ಗುಂಡು ಹೊರಬೀಳುವ ತುದಿಯ ಕಡೆಯಿಂದ ತುರುಕಿದರೆ ಹೊಲಸೆಲ್ಲ ತೋಟೆ ಕೂರುವ ಮನೆಗೆ ಬಂದು ಕೂರುತ್ತದೆ. ಹೊಲಸು ಕರಗಿಸುವ ಸಾಲ್ವೆಂಟ್ ಹಚ್ಚಿದ ಚಿಂದಿ ಒಮ್ಮೆ ಎಳೆದು ಹತ್ತು ನಿಮಿಷ ಬಿಡಿ, ಚಹಾ ಕುಡಿದು ಬನ್ನಿ. ಆಮೇಲೆ ಕಂಚಿನ ಬ್ರಷ್. ಅದು ಬಾಯಿಯಿಂದ ಪೂರ್ತಿ ಹೊರಗೆ ಬಂದ ಮೇಲೆಯೇ ಹಿಂದಕ್ಕೆ ಎಳೆಯಿರಿ. ಕಬ್ಬಿಣದ ಬ್ರಷ್, ಪಾಲಿಶ್ ಕಾಗದ ಹತ್ತಿರವೂ ತರಬೇಡಿ. ಚುಕ್ಕಿಯ ಜೊತೆ ನಳಿಗೆಯ ಕಪ್ಪು ಬಣ್ಣವೂ ಹೋಗುತ್ತದೆ, ಮುಂದಿನ ಮಳೆಗೆ ಇಡೀ ನಳಿಗೆ ತುಕ್ಕು.

ಎಲ್ಲರೂ ಎಡವುವುದು ಇಲ್ಲೇ. ನಳಿಗೆಯ ಒಳ ಅಗಲ ಸುಮಾರು ಹದಿನೆಂಟೂವರೆ ಮಿ.ಮೀ. ತೋಟೆ ಕೂರುವ ಮನೆ ಅದಕ್ಕಿಂತ ದೊಡ್ಡದು, 20 ಮಿ.ಮೀ. ದಾಟುತ್ತದೆ. ಅಂದರೆ ನಳಿಗೆಗೆ ಬಿಗಿಯಾಗಿ ಕೂರುವ ಬ್ರಷ್ ಈ ಮನೆಯ ಗೋಡೆಗೆ ತಾಗುವುದೇ ಇಲ್ಲ! ನಳಿಗೆ ಫಳಫಳ, ಮನೆ ಮಾತ್ರ ಹೊಲಸು. ಅಲ್ಲಿ ತುಕ್ಕು ಹಿಡಿದರೆ ಹಾರಿಸಿದ ತೋಟೆ ಸಿಕ್ಕಿಕೊಳ್ಳುತ್ತದೆ. ಹಂದಿ ಕಬ್ಬಿನೊಳಗೆ ನುಗ್ಗಿದಾಗ ಗದರಿಸಲು ಗಾಳಿಯಲ್ಲಿ ಒಂದು ಹಾರಿಸಿ, ಕತ್ತಲಲ್ಲಿ ಚಾಕುವಿನಿಂದ ತೋಟೆ ಕೆದರುತ್ತ ಕೂತವರನ್ನು ನಾನು ಕಂಡಿದ್ದೇನೆ. ಹಳೆ ಬ್ರಷ್‌ಗೆ ಚಿಂದಿ ಸುತ್ತಿ, ಬಿಗಿ ಬರುವಷ್ಟು ದಪ್ಪ ಮಾಡಿ, ಆ ಮನೆಯೊಳಗೆ ತಿರುಗಿಸಿ. ಹಿಂದೆಮುಂದೆ ಎಳೆಯಬೇಡಿ, ತಿರುಗಿಸಿ. ಆಮೇಲೆ ಬೆಳಕಿಗೆ ಹಿಡಿದು ನೋಡಿ. ಮನೆ ಮುಗಿದು ನಳಿಗೆ ಶುರುವಾಗುವಲ್ಲಿ ಬೂದು ಗೆರೆಗಳು ಕಾಣುತ್ತವೆ. ತೋಟೆಯ ಸೀಸ, ಪ್ಲಾಸ್ಟಿಕ್ ಎರಡೂ ಅಂಟಿದ್ದು ಅದು. ಹೊಳೆಯುತ್ತದೆ ಅಂತ ಮೋಸ ಹೋಗಬೇಡಿ. ಮತ್ತೆ ಸಾಲ್ವೆಂಟ್, ಮತ್ತೆ ಬ್ರಷ್. ಚಿಂದಿ ಬಿಳಿಯಾಗಿ ಬರುವವರೆಗೆ.

ಬೋರ್, ಅಂದರೆ ನಳಿಗೆಯ ಒಳ ಅಗಲದ ಮಾತು ಬಂತು, ಹೇಳಿಬಿಡುತ್ತೇನೆ. ಲೇತ್ ಮಷಿನ್‌ನವನ ಹತ್ತಿರ ನಳಿಗೆ ಕೊರೆಸಿ ದೊಡ್ಡದು ಮಾಡಿಸಬಹುದಾ ಅಂತ ಕೇಳುವವರಿದ್ದಾರೆ. ಆಗದು. ಗೋಡೆ ತೆಳುವಾದ ನಳಿಗೆ ಮುಖದ ಮುಂದೆಯೇ ಸಿಡಿಯಬಹುದು. ಬೋರ್ ಎಷ್ಟು ಅಂತ ಲೈಸೆನ್ಸಿನಲ್ಲೇ ಬರೆದಿರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ರಿಪೇರಿ ಮಾಡುವವನಿಗೂ ಲೈಸೆನ್ಸ್ ಬೇಕು, ಬದಲಿಸುವವನಿಗೂ ಬೇಕು.

ಎಣ್ಣೆ ಒಂದೇ ಹನಿ. ಗನ್ ಆಯಿಲ್ ಇಲ್ಲವೇ, ಹೊಲಿಗೆ ಮಷಿನ್ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ ಬೆಳಗಾವಿಯ ಚಳಿಗೆ ಗಟ್ಟಿಯಾಗುತ್ತದೆ, ಬೇಡ. ತುಕ್ಕು ಬಿಡಿಸುವ ಸ್ಪ್ರೇ ನೀರು ಓಡಿಸುತ್ತದೆ, ನಿಜ. ಆದರೆ ಅದರ ಪದರ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಒಂದೆರಡು ದಿನ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಇಳಿದು ಹಿಡಿಕೆಯ ಕಟ್ಟಿಗೆ ಮೆತ್ತಗಾಗುತ್ತದೆ. ಚರ್ಮದ ಚೀಲದಲ್ಲಂತೂ ಇಡಲೇಬೇಡಿ, ಅದು ತೇವ ಹಿಡಿಯುತ್ತದೆ. ಪೂಜೆಯ ಕುಂಕುಮ ಅವತ್ತೇ ಒರೆಸಿ. ಹಾರಿಸುವ ಮೊದಲು ನಳಿಗೆಯೊಳಗೆ ಒಣ ಚಿಂದಿ ಒಮ್ಮೆ ಎಳೆಯಿರಿ.

ಚುನಾವಣೆ ಬಂದಾಗ ಬಂದೂಕು ಪೊಲೀಸ್ ಠಾಣೆಯಲ್ಲಿ ಇಡುವಾಗಲೂ ಇಷ್ಟೆಲ್ಲ ಮಾಡಿಯೇ ಕೊಡಿ. ನಾನು ಒಮ್ಮೆ ಅವಸರದಲ್ಲಿ ಹಾಗೇ ಕೊಟ್ಟೆ. ವಾಪಸ್ ತಂದ ಮೇಲೆ ಎಡ ನಳಿಗೆಯ ಚುಕ್ಕಿ ತೆಗೆಯಲು ಮೂರು ಸಂಜೆ ಹಿಡಿಯಿತು. ಅಂಗೈಯಗಲದ ಒಂದು ಕಲೆ ಇನ್ನೂ ಇದೆ.