ಹನುಮಾನಾಸನಕ್ಕೆ ಕೌದಿಯ ಮಡಿಕೆ

ಹನುಮಾನಾಸನ, ಅಂದರೆ ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಕೂರುವ ಸ್ಪ್ಲಿಟ್ಸ್, ಕಲಿಯುತ್ತಿರುವವರು ಮುಂದಿನ ತೊಡೆಯ ಬುಡಕ್ಕೆ ಮನೆಯ ದಪ್ಪ ಕೌದಿಯನ್ನು ಮಡಚಿಟ್ಟು, ದೇಹದ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಕುಳಿತುಕೊಳ್ಳಿ. ಆ ಎತ್ತರದಲ್ಲಿ ಒಂದು ನಿಮಿಷ ಸರಾಗವಾಗಿ ಉಸಿರಾಡಲು ಸಾಧ್ಯವಾದ ಮೇಲಷ್ಟೇ ಒಂದು ಮಡಿಕೆಯನ್ನು ಕಡಿಮೆ ಮಾಡಿ. ಆಧಾರವಿಲ್ಲದಿದ್ದರೆ ದೇಹವನ್ನು ಎತ್ತಿ ಹಿಡಿಯಲು ತೊಡೆಯ ಸ್ನಾಯುಗಳು ಬಿಗಿಯುತ್ತವೆ, ಭಾರವು ಕೌದಿಗೆ ಇಳಿದಾಗ ಆ ಬಿಗಿತ ಸಡಿಲಾಗುತ್ತದೆ. ಕುಳಿತಲ್ಲಿಯೇ ಮುಂದಿನ ಹಿಮ್ಮಡಿಯನ್ನು 5ರಿಂದ 10 ಸೆಕೆಂಡು ನೆಲಕ್ಕೆ ಒತ್ತಿ ಬಿಟ್ಟರೆ ಇನ್ನೂ ತುಸು ಇಳಿಯಬಹುದು. ತಲೆದಿಂಬು ಬೇಡ, ಅದು ಕುಸಿಯುವುದರಿಂದ ಎತ್ತರದ ಲೆಕ್ಕ ಸಿಗುವುದಿಲ್ಲ. ಎಷ್ಟು ಇಳಿದಿದ್ದೇವೆಂದು ದಿನವೂ ನೋಡುವುದಕ್ಕಿಂತ ಎರಡು ವಾರಕ್ಕೊಮ್ಮೆ ನೋಡುವುದು ಒಳಿತು, ಏಕೆಂದರೆ ನಿದ್ದೆ, ದಣಿವು, ಹವೆಗಳಿಂದ ದಿನದಿಂದ ದಿನಕ್ಕೆ ಆಗುವ ಏರಿಳಿತವೇ ನಿಜವಾದ ಪ್ರಗತಿಗಿಂತ ದೊಡ್ಡದಾಗಿರುತ್ತದೆ. ಒಂದು ಮಡಿಕೆ ಕರಗಲು ತಿಂಗಳುಗಟ್ಟಲೆ ಹಿಡಿದರೂ ಅದು ಸಹಜವೇ. ಹಿಂದಿನ ಕಾಲಿನ ಸೊಂಟ ಹೊರಕ್ಕೆ ತಿರುಗಿದರೆ ಈ ಲೆಕ್ಕವೆಲ್ಲ ತಪ್ಪುತ್ತದೆ, ಎತ್ತರ ಇಳಿದಂತೆ ಕಂಡರೂ ಇಳಿದಿರುವುದಿಲ್ಲ, ಆದ್ದರಿಂದ ಹಿಂದಿನ ಮೊಣಕಾಲಿನ ಚಿಪ್ಪು ನೆಲವನ್ನೇ ನೋಡುತ್ತಿರಲಿ. ಬೆಳಗಾವಿಯ ಚಳಿಗಾಲದ ಮುಂಜಾನೆ ಮೈ ಕಾಯಿಸದೆ ಕುಳಿತರೂ ಉಪಯೋಗವಿಲ್ಲ, ಮೊದಲು ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಕುಳಿತಾಗ ನೆಲಕ್ಕೆ ತಾಗುವ ಪೃಷ್ಠದ ಮೂಳೆಯ ಬಳಿ ಚುಚ್ಚಿದಂತೆ ನೋವಾದರೆ ಅಂದಿಗೆ ಅಲ್ಲಿಗೇ ನಿಲ್ಲಿಸಿ, ಮರುದಿನ ಒಂದು ಮಡಿಕೆ ಹೆಚ್ಚಿಸಿ. ಆಗಲೂ ನೋವು ಉಳಿದರೆ ವೈದ್ಯರಿಗೆ ತೋರಿಸಿ.